ಎರೆಭೂಮಿಯ ರಸ್ತೆಗೆ ಆಲ್ಟುರಾ: ಯಾವ ಸಸ್ಪೆನ್ಷನ್, ಯಾರಿಗೆ?

ಮಾರುತಿಯ ಹಳೆಯ ಸ್ಟೇಷನ್ ವ್ಯಾಗನ್ ಬಲೆನೊ ಆಲ್ಟುರಾ ಇಟ್ಟುಕೊಂಡವರದು ಒಂದು ವಿಚಿತ್ರ ಬಳಗ. ಮಾರಿ ಎಂದರೆ ಮಾರುವುದಿಲ್ಲ, ಇದ್ದ ಹಾಗೆ ಓಡಿಸಿ ಎಂದರೆ ಓಡಿಸುವುದಿಲ್ಲ. ಮೊದಲು ಅಲಾಯ್ ಚಕ್ರ, ಆಮೇಲೆ ಅಗಲದ ಟೈರ್, ಆಮೇಲೆ ಎಕ್ಸಾಸ್ಟ್. ಅಷ್ಟೆಲ್ಲ ಆದ ಮೇಲೆ ಕಣ್ಣು ಸಸ್ಪೆನ್ಷನ್ ಮೇಲೆ ಬೀಳುತ್ತದೆ, ಅಲ್ಲಿಂದ ಗೊಂದಲ ಶುರು. ಹೈದರಾಬಾದಿನಲ್ಲಿರುವ ಗೆಳೆಯ ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರಿನ ಜೋಡಿ) ಹಾಕಿಸು ಎನ್ನುತ್ತಾನೆ. ವಿಡಿಯೊ ನೋಡಿ ಪಂಡಿತನಾದ ತಮ್ಮ ತಗ್ಗಿಸುವ ಸ್ಪ್ರಿಂಗ್ ಸಾಕು ಎನ್ನುತ್ತಾನೆ. ರಿಂಗ್ ರಸ್ತೆಯ ಮಿಸ್ತ್ರಿ ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ಸಿಕ್ಕಿಸಿ ಸಂಜೆಯೊಳಗೆ ಗಾಡಿ ಕೊಡುತ್ತೇನೆ ಎನ್ನುತ್ತಾನೆ. ಪ್ರತಿಯೊಬ್ಬನ ಮಾತಿನಲ್ಲೂ ಅಷ್ಟಿಷ್ಟು ಸತ್ಯವಿದೆ. ಆದರೆ ಆ ಗಾಡಿ ಕಲಬುರಗಿಯಿಂದ ಸೇಡಂಗೆ, ಯಾದಗಿರಿಯಿಂದ ಶಹಾಪುರಕ್ಕೆ, ಭಾಲ್ಕಿಯಿಂದ ಔರಾದಿಗೆ ಓಡಬೇಕು ಎಂಬ ಸಂಗತಿಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ. ಕಲಬುರಗಿ, ಯಾದಗಿರಿ, ಬೀದರ್ ಈ ಮೂರು ಜಿಲ್ಲೆಗಳಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕಾದದ್ದು ಒಳ್ಳೆಯ ಡ್ಯಾಂಪರ್, ಅಂದರೆ ಶಾಕ್ ಅಬ್ಸಾರ್ಬರ್, ಮತ್ತು ಚಕ್ರ ಮೇಲೆ ಕೆಳಗೆ ಆಡಲು ಬೇಕಾದ ಜಾಗ. ಗಾಡಿ ನೆಲಕ್ಕೆ ಅಂಟಿಕೊಂಡಂತೆ ಕಾಣುವುದು ಅದರ ನಂತರದ ಮಾತು. ಒಪ್ಪದವರಿಗೂ ಮುಂದಿನ ಲೆಕ್ಕಗಳು ಉಪಯೋಗಕ್ಕೆ ಬರುತ್ತವೆ.

ಆಯ್ಕೆಗೆ ಮುಂಚೆ ಬಿಡಿಭಾಗ ಹುಡುಕುವವರು ಬೀಳುವ ಹಳ್ಳದ ಬಗ್ಗೆ ಎರಡು ಮಾತು. ನಮ್ಮಲ್ಲಿ ಆಲ್ಟುರಾ ಎನಿಸಿಕೊಂಡ ಸ್ಟೇಷನ್ ವ್ಯಾಗನ್ ಯುರೋಪಿನಲ್ಲಿ ಸುಜುಕಿ ಬಲೆನೊ ವ್ಯಾಗನ್ ಆಗಿತ್ತು, ಅಮೆರಿಕದಲ್ಲಿ ಸುಜುಕಿ ಎಸ್ಟೀಮ್ ವ್ಯಾಗನ್, ಜಪಾನಿನಲ್ಲಿ ಕಲ್ಟಸ್ ಹೆಸರಿನದು. ಹೀಗಾಗಿ ವಿದೇಶಿ ಅಂಗಡಿಗಳ ಪಟ್ಟಿಯಲ್ಲಿ ಎಸ್ಟೀಮ್ ಎಂದು ಹುಡುಕಿದರೆ ನಿಮ್ಮ ಗಾಡಿಯ ಸ್ಟ್ರಟ್ (ಚಕ್ರಕ್ಕೂ ಬಾಡಿಗೂ ನಡುವಿನ, ಒಳಗೆ ಡ್ಯಾಂಪರ್ ಇರುವ ಕಂಬ) ಸಿಗಬಹುದು. ಅದೇ ಹೆಸರನ್ನು ದೆಹಲಿಯ ಕಶ್ಮೀರಿ ಗೇಟಿನಲ್ಲಿಯೋ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿಯೋ ಹೇಳಿದರೆ ಭಾರತದ ಮಾರುತಿ ಎಸ್ಟೀಮ್‌ನ ಸ್ಟ್ರಟ್ ಕೈಗೆ ಬರುತ್ತದೆ. ಅದು ಬೇರೆಯದೇ ಕಾರು. ಇನ್ನು ಬರೀ ಬಲೆನೊ ಎಂದರೆ 2015ರಲ್ಲಿ ಬಂದ ಹ್ಯಾಚ್‌ಬ್ಯಾಕ್‌ನ ಭಾಗಗಳ ರಾಶಿ ಎದುರಾಗುತ್ತದೆ. 1.6 ಲೀಟರಿನ ಜಿ16ಬಿ ಎಂಜಿನ್ನಿನ ಹಳೆಯ ಬಲೆನೊಗೆ ಯುರೋಪಿನ ಪಟ್ಟಿಗಳಲ್ಲಿ ಎಸ್‌ವೈ416 ಎಂಬ ಗುರುತು ಇದೆ. ಹೆಸರಿಗಿಂತ ಆ ಗುರುತನ್ನು ಹಿಡಿದು ಹುಡುಕುವುದು ಕ್ಷೇಮ. ಸೆಡಾನ್‌ನ ಹಿಂಬದಿ ಸ್ಪ್ರಿಂಗನ್ನು ವ್ಯಾಗನ್ನಿಗೂ ನಡೆಯುತ್ತದೆ ಎಂದು ಯಾರಾದರೂ ಹೇಳಿದರೆ ಎರಡನ್ನೂ ಪಕ್ಕದಲ್ಲಿಟ್ಟು ತಂತಿಯ ದಪ್ಪ, ಸುತ್ತುಗಳ ಸಂಖ್ಯೆ ಮತ್ತು ಹೊರೆಯಿಲ್ಲದಾಗಿನ ಎತ್ತರವನ್ನು ಅಳೆದು ನೋಡಿದ ಮೇಲೆಯೇ ನಂಬಿ.

ಯಾವ ಮಾನದಂಡದಿಂದ ತೂಗುವುದು

ಮೊದಲನೆಯದು ರಸ್ತೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ. ಅದರ ಮೇಲಿನ ಡಾಂಬರು ಹೊಸದಾಗಿದ್ದಾಗ ಕನ್ನಡಿಯಂತಿದ್ದರೂ ಕೆಲವು ವರ್ಷಗಳಲ್ಲಿ ಉದ್ದುದ್ದ ಅಲೆಗಳಾಗಿ ಬಾಗುತ್ತದೆ. ಗುಂಡಿ ಕಣ್ಣಿಗೆ ಕಾಣುತ್ತದೆ, ಅಲೆ ಕಾಣುವುದಿಲ್ಲ. ಗಂಟೆಗೆ 80 ಕಿಲೋಮೀಟರಿನಲ್ಲಿ ಅಂಥ ಎರಡು ಮೂರು ಅಲೆ ಸಾಲಾಗಿ ಸಿಕ್ಕರೆ ಹಳೆಯ ಶಾಕ್ ಅಬ್ಸಾರ್ಬರಿನ ಗಾಡಿ ಮೊದಲ ಅಲೆಯಲ್ಲಿ ಏಳುತ್ತದೆ, ಎರಡನೆಯದರಲ್ಲಿ ಇನ್ನಷ್ಟು ಏಳುತ್ತದೆ, ಮೂರನೆಯದರಲ್ಲಿ ಹೊಟ್ಟೆ ಬಡಿಯುತ್ತದೆ. ಇಲ್ಲಿ ಬೇಕಾದದ್ದು ಸ್ಪ್ರಿಂಗ್ ಹಿಗ್ಗಿ ವಾಪಸು ಬರುವಾಗ ಅದನ್ನು ಹಿಡಿದು ನಿಲ್ಲಿಸುವ ಶಕ್ತಿ, ಅಂದರೆ ಡ್ಯಾಂಪರಿನ ಮರುಜಿಗಿತದ ಹಿಡಿತ. ಗಟ್ಟಿ ಸ್ಪ್ರಿಂಗ್ ಹಾಕಿ ಡ್ಯಾಂಪರ್ ಹಳೆಯದನ್ನೇ ಬಿಟ್ಟರೆ ರೋಗ ಹೆಚ್ಚಾಗುತ್ತದೆ. ಬೀದರ್ ನಗರದ ಸುತ್ತಣ ಜಂಬಿಟ್ಟಿಗೆ ನೆಲದ ಗುಣ ಬೇರೆ: ಅಡಿಪಾಯ ಗಟ್ಟಿ, ಅಲೆ ಕಡಿಮೆ, ಡಾಂಬರು ಕಿತ್ತ ಕಡೆ ಅಂಚು ಚೂಪು. ಅಲ್ಲಿಯೇ ಓಡಾಡುವವರಿಗೆ ಟೈರಿನ ಗೋಡೆಯ ಎತ್ತರವೂ ಸಸ್ಪೆನ್ಷನ್ನಿನಷ್ಟೇ ಮುಖ್ಯ.

ಸೇಡಂ, ಮಳಖೇಡ, ವಾಡಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸಿಮೆಂಟ್ ಲಾರಿಗಳೂ ಶಹಾಬಾದ್ ಕಲ್ಲಿನ ಲಾರಿಗಳೂ ಡಾಂಬರನ್ನು ಚಕ್ರದ ಜಾಡಿನಲ್ಲಿ ಒತ್ತಿ ಉದ್ದದ ಎರಡು ಕಾಲುವೆ ಮಾಡಿಡುತ್ತವೆ. ಅಗಲದ ಟೈರ್ ಮತ್ತು ಒಳಕ್ಕೆ ವಾಲಿದ ಚಕ್ರ ಇದ್ದರೆ ಗಾಡಿ ಆ ಕಾಲುವೆಯ ಹಿಂದೆಯೇ ಎಳೆದುಕೊಂಡು ಹೋಗುತ್ತದೆ. ಸ್ಟೀರಿಂಗ್ ಕೈಯಲ್ಲಿದ್ದರೂ ಮಾತು ಕೇಳುವುದಿಲ್ಲ.

ಇನ್ನು ರಸ್ತೆಉಬ್ಬು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾದರಿಯ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ್ದು. ಗಂಟೆಗೆ 25 ಕಿಲೋಮೀಟರಿನಲ್ಲಿ ಮೆಲ್ಲಗೆ ದಾಟುವಂಥದ್ದು. ಊರಿನವರು ಅಪಘಾತವಾದ ಮರುದಿನ ತಾವೇ ನಿಂತು ಹಾಕಿಸುವ ಉಬ್ಬಿಗೆ ಈ ಅಳತೆಗಳ ಹಂಗಿಲ್ಲ. ಒಂದು ಗಿಡ್ಡ ಗೋಡೆ ಮಲಗಿದಂತಿರುತ್ತದೆ. ಮುಂದಿನ ಬಂಪರಿನ ಕೆಳಗೆ ತುಟಿಯಂಥ ಅಲಂಕಾರದ ಪಟ್ಟಿ ಹಚ್ಚಿಸಿದವರು ಇಂಥ ಉಬ್ಬಿನ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಎತ್ತರ ನಿರ್ಧರಿಸಬೇಕು.

ಎರಡನೆಯದು ಹೊರೆ. ವ್ಯಾಗನ್ ಮತ್ತು ಸೆಡಾನ್ ನಡುವಿನ ನಿಜವಾದ ವ್ಯತ್ಯಾಸ ಇಲ್ಲಿದೆ, ಮತ್ತು ಸಸ್ಪೆನ್ಷನ್ ಮಾರುವವರು ಹೆಚ್ಚಾಗಿ ಹಾರಿಸುವುದೂ ಇದನ್ನೇ. ಒಂದು ಲೆಕ್ಕ ಮಾಡೋಣ. ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು. ನಿಮ್ಮ ಗಾಡಿಯವನ್ನು ನೀವು ಅಳೆದು ಹಾಕಿಕೊಳ್ಳಿ. ಹಿಂದಿನ ಪ್ರತಿ ಚಕ್ರದ ಮೇಲೆ ಸ್ಪ್ರಿಂಗ್ ಹೊರುವ ತೂಕ 200 ಕೆ.ಜಿ., ಸ್ಪ್ರಿಂಗಿನ ಗಡಸುತನ ಮಿಲಿಮೀಟರಿಗೆ 2 ಕೆ.ಜಿ. ಎನ್ನಿ, ಅಂದರೆ ಒಂದು ಮಿ.ಮೀ. ಕುಗ್ಗಲು 2 ಕೆ.ಜಿ. ಭಾರ ಬೇಕು. ಖಾಲಿ ಗಾಡಿ ನಿಂತಲ್ಲಿ ಬಂಪ್ ಸ್ಟಾಪಿನವರೆಗೆ (ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ತಡೆಯುವ ರಬ್ಬರ್) 80 ಮಿ.ಮೀ. ಜಾಗವಿದೆ ಎನ್ನಿ. ಈಗ ಡಿಕ್ಕಿಯಲ್ಲಿ 50 ಕೆ.ಜಿ.ಯ ಮೂರು ಚೀಲ ತೊಗರಿಬೇಳೆ ಇಟ್ಟರೆ, ಭಾರವೆಲ್ಲ ಹಿಂದಿನ ಅಚ್ಚಿನ ಮೇಲೆ ಬಿತ್ತು ಎಂದುಕೊಂಡರೆ, ಎರಡು ಸ್ಪ್ರಿಂಗ್ ಸೇರಿ ಮಿಲಿಮೀಟರಿಗೆ 4 ಕೆ.ಜಿ. ಹೊರುವುದರಿಂದ ಗಾಡಿ 37.5 ಮಿ.ಮೀ. ಕುಸಿಯುತ್ತದೆ. ಇನ್ನೂ 42 ಮಿ.ಮೀ. ಉಳಿಯಿತು. ಉಬ್ಬು ದಾಟಬಹುದು.

ಅದೇ ಗಾಡಿಯನ್ನು 35 ಮಿ.ಮೀ. ತಗ್ಗಿಸುವ, ಮಿಲಿಮೀಟರಿಗೆ 2.5 ಕೆ.ಜಿ.ಯ ಸ್ಪ್ರಿಂಗ್ ಹಾಕಿದ್ದೀರಿ. ಖಾಲಿಯಲ್ಲಿ ಉಳಿದದ್ದು 45 ಮಿ.ಮೀ. ಅದೇ ಮೂರು ಚೀಲಕ್ಕೆ 30 ಮಿ.ಮೀ. ಕುಸಿತ. ಬಂಪ್ ಸ್ಟಾಪಿಗೆ ಉಳಿದದ್ದು 15 ಮಿ.ಮೀ., ಅಂದರೆ ನಿಮ್ಮ ಹೆಬ್ಬೆರಳಿನ ಅಗಲಕ್ಕಿಂತ ಕಡಿಮೆ. ಇನ್ನು ಮುಂದೆ ನೀವು ಸ್ಪ್ರಿಂಗ್ ಮೇಲೆ ಓಡುವುದಿಲ್ಲ, ರಬ್ಬರಿನ ಮೇಲೆ ಓಡುತ್ತೀರಿ. ಗಾಣಗಾಪುರಕ್ಕೆ ಹೊರಟ ಐದು ಮಂದಿ ಮತ್ತು ಅವರ ಬುತ್ತಿ, ಬಟ್ಟೆಯ ಗಂಟುಗಳಿಗೂ ಲೆಕ್ಕ ಇದೇ.

ಹಾಗಾದರೆ ಸ್ಪ್ರಿಂಗನ್ನು ಇನ್ನೂ ಗಡಸು ಮಾಡಿದರೆ? ಮಿಲಿಮೀಟರಿಗೆ 5 ಕೆ.ಜಿ.ಯದು ಹಾಕಿದರೆ ಕುಸಿತ 15 ಮಿ.ಮೀ.ಗೆ ಇಳಿಯುತ್ತದೆ ನಿಜ. ಆದರೆ ಖಾಲಿ ಗಾಡಿಯ ಸಹಜ ಕಂಪನ, ಅಂದರೆ ಸ್ಪ್ರಿಂಗ್ ಮೇಲೆ ಗಾಡಿ ಏಳುಬೀಳುವ ಲಯ, ಸೆಕೆಂಡಿಗೆ 1.6 ಬಾರಿಯಿಂದ 2.5ಕ್ಕೆ ಏರುತ್ತದೆ. ಸಾಮಾನ್ಯ ಕಾರುಗಳು 1ರಿಂದ 1.5ರ ಆಸುಪಾಸಿನಲ್ಲಿರುತ್ತವೆ, ಖಡಕ್ ಎನಿಸುವ ಕ್ರೀಡಾ ಕಾರುಗಳು 2ರ ಸುತ್ತಮುತ್ತ. 2.5 ಎಂದರೆ ರೇಸ್ ಗಾಡಿಯ ಮಟ್ಟ. ನಯವಾದ ಟ್ರ್ಯಾಕಿನಲ್ಲಿ ಅದು ಸುಖ. ಆಳಂದ ರಸ್ತೆಯಲ್ಲಿ ಹಿಂದಿನ ಸೀಟಿನಲ್ಲಿ ಕೂತ ಅತ್ತೆಯವರ ಅಭಿಪ್ರಾಯ ಬೇರೆಯಿರುತ್ತದೆ.

ಮೂರನೆಯದು ಬಿಸಿಲು ಮತ್ತು ದೂಳು. ಮೇ ತಿಂಗಳಲ್ಲಿ ಗಾಳಿಯೇ 42, 43 ಡಿಗ್ರಿ, ಡಾಂಬರು ಅದಕ್ಕಿಂತ ಬಹಳ ಮೇಲೆ. ಡ್ಯಾಂಪರ್ ಕೆಲಸ ಮಾಡುವುದೇ ಚಲನೆಯನ್ನು ಶಾಖವಾಗಿ ಬದಲಿಸಿ. ಆ ಶಾಖ ಹೊರಗೆ ಹೋಗಲು ಹೊರಗಿನ ಗಾಳಿ ತಂಪಾಗಿರಬೇಕು. ಎಣ್ಣೆ ಕಾದು ತೆಳುವಾಗಿ, ಗಾಳಿಗುಳ್ಳೆ ಸೇರಿ ನೊರೆಯಾದರೆ ಹಿಡಿತ ತಪ್ಪುತ್ತದೆ. ದೂಳಿನ ವಿಷಯಕ್ಕೆ ಬಂದರೆ, ಎರೆಮಣ್ಣಿನ ನುಣ್ಣನೆಯ ಪುಡಿ ಡ್ಯಾಂಪರಿನ ರಬ್ಬರ್ ಟೋಪಿಯೊಳಗೆ ನುಸುಳಿ, ಒಳಗೆ ಹೊರಗೆ ಓಡಾಡುವ ಅದರ ದಂಡದ ಮೇಲೆ ಕೂತು ಎಣ್ಣೆಯ ಸೀಲನ್ನು ಸವೆಸುತ್ತದೆ. ಮಳೆಯಲ್ಲಿ ಅದೇ ಪುಡಿ ಕೆಸರಾಗಿ ಅಂಟಿ ಒಣಗಿದರೆ ಕಲ್ಲಾಗುತ್ತದೆ.

ನಾಲ್ಕನೆಯದು ದುರಸ್ತಿ. ಸೀಲ್ ಸೋರಿದ ದಿನ ಯಾರ ಬಾಗಿಲು ತಟ್ಟುತ್ತೀರಿ? ಕಲಬುರಗಿಯಿಂದ ಹೈದರಾಬಾದ್ 220 ಕಿಲೋಮೀಟರಿನ ಸುಮಾರು, ಸೊಲ್ಲಾಪುರ 110. ಬೀದರಿನವರಿಗೆ ಹೈದರಾಬಾದ್ ಇನ್ನೂ ಹತ್ತಿರ. ಯಾದಗಿರಿಯವರು ಪ್ರತಿ ಸಣ್ಣ ಕೆಲಸಕ್ಕೂ ಇನ್ನೊಂದು ಊರಿಗೆ ಹೋಗಬೇಕು. ಹೊರದೇಶದ ಕಿಟ್‌ಗೆ ಒಂದು ಸೀಲ್ ತರಿಸಲು ವಾರಗಟ್ಟಲೆ ಕಾಯುವಾಗ ಗಾಡಿ ಇಟ್ಟಿಗೆಯ ಮೇಲೆ ನಿಂತಿರುತ್ತದೆ. ಮನೆಯಲ್ಲಿ ಇನ್ನೊಂದು ವಾಹನ ಇದೆಯೇ ಇಲ್ಲವೇ ಎಂಬುದು ಸಸ್ಪೆನ್ಷನ್ ಆಯ್ಕೆಯ ಪ್ರಶ್ನೆಯೇ ಹೌದು.

ಕೊನೆಯದು ಕಾನೂನು. ಬಲೆನೊ ಸಾಲಿನ ಜಾಗಕ್ಕೆ 2007ರಲ್ಲಿ ಎಸ್‌ಎಕ್ಸ್4 ಬಂದಿತು. ಅಲ್ಲಿಗೆ ಇವತ್ತು ರಸ್ತೆಯಲ್ಲಿರುವ ಆಲ್ಟುರಾಗಳೆಲ್ಲ ಹದಿನೈದು ವರ್ಷ ದಾಟಿದವು, ನೋಂದಣಿ ನವೀಕರಣಕ್ಕಾಗಿ ಐದು ವರ್ಷಕ್ಕೊಮ್ಮೆ ತಪಾಸಣೆಗೆ ನಿಲ್ಲಬೇಕಾದವು. ಕೆಎ-32, 33, 38 ಯಾವ ಆರ್‌ಟಿಒ ಕಚೇರಿಯಾದರೂ ಸರಿ, ಇನ್ಸ್‌ಪೆಕ್ಟರ್ ಎದುರು ಗಾಡಿ ಹೇಗೆ ನಿಲ್ಲುತ್ತದೆ ಎಂಬುದನ್ನು ಯೋಚಿಸಿಯೇ ಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ವಿವರಕ್ಕಿಂತ ಭಿನ್ನವಾಗುವಂಥ ಮಾರ್ಪಾಡು ಕೂಡದು; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಶಾಕ್ ಅಬ್ಸಾರ್ಬರಿನ ಕಂಪನಿ ಆ ಪತ್ರದಲ್ಲಿ ಇರುವುದಿಲ್ಲ, ಹಾಗೆಂದು ಟೈರ್ ಬಂಪರಿಗೆ ತಾಗುವಂತೆ ಕೂತ ಗಾಡಿಯನ್ನು ಸುರಕ್ಷಿತ ಎಂದು ಯಾರೂ ಬರೆದುಕೊಡುವುದಿಲ್ಲ. ವಿಮಾ ಕಂಪನಿಗೆ ಮಾರ್ಪಾಡನ್ನು ಲಿಖಿತವಾಗಿ ತಿಳಿಸಿಡಿ.

ಕತ್ತರಿಸಿದ ಸ್ಪ್ರಿಂಗ್, ರಬ್ಬರ್ ಬಫರ್

ಇವೆರಡನ್ನೂ ಬೇಗ ಮುಗಿಸೋಣ. ಸ್ಪ್ರಿಂಗಿನ ಒಂದು ಸುತ್ತನ್ನು ಗ್ರೈಂಡರಿನಿಂದ ಕತ್ತರಿಸಿದರೆ ಗಾಡಿ ತಗ್ಗುತ್ತದೆ, ಸ್ಪ್ರಿಂಗ್ ತುಸು ಗಡಸೂ ಆಗುತ್ತದೆ. ಆದರೆ ಕತ್ತರಿಸಿದ ತುದಿ ತಟ್ಟೆಯ ಮೇಲೆ ಸರಿಯಾಗಿ ಕೂರುವುದಿಲ್ಲ. ಚಕ್ರ ಪೂರ್ತಿ ಕೆಳಗಿಳಿದಾಗ ಸ್ಪ್ರಿಂಗ್ ಸಡಿಲಾಗಿ ಜಾಗ ಬಿಡಬಹುದು. ಬೇಡ. ಸುತ್ತುಗಳ ನಡುವೆ ಸಿಕ್ಕಿಸುವ ರಬ್ಬರ್ ಬಫರ್ ಆ ಸುತ್ತುಗಳನ್ನು ಕೆಲಸ ಮಾಡಲು ಬಿಡುವುದಿಲ್ಲ, ಹೀಗಾಗಿ ಮಿಕ್ಕ ಸುತ್ತುಗಳ ಮೇಲೆ ಒತ್ತಡ ಹೆಚ್ಚುತ್ತದೆ. ಮುದಿ ಸ್ಪ್ರಿಂಗ್ ಮುರಿಯುವುದು ಹೆಚ್ಚಾಗಿ ಅಲ್ಲಿಯೇ. ಮದುವೆ ಸಾಮಾನು ಸಾಗಿಸುವ ಒಂದು ವಾರದ ಮಟ್ಟಿಗೆ ಹಿಂದಿನ ಎರಡಕ್ಕೆ ಹಾಕಿ ತೆಗೆಯುವುದಾದರೆ ತಕರಾರಿಲ್ಲ.

ಹೊಸ ಮೂಲ ಸ್ಟ್ರಟ್, ಹೊಸ ರಬ್ಬರ್

ಮಾರ್ಪಾಡಿನ ಹುಚ್ಚಿರುವವರಿಗೆ ಇದು ಸಪ್ಪೆ ಎನಿಸುತ್ತದೆ. ಆದರೆ ಇಪ್ಪತ್ತು ವರ್ಷದ ಗಾಡಿಯಲ್ಲಿ ನೀವು ಇವತ್ತು ಅನುಭವಿಸುತ್ತಿರುವುದು ಸುಜುಕಿಯ ಸಸ್ಪೆನ್ಷನ್ ಅಲ್ಲ, ಅದರ ಅವಶೇಷ. ಆಲ್ಟುರಾದ ನಾಲ್ಕೂ ಮೂಲೆಯಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆಯೂ ಸ್ವತಂತ್ರ ಸಸ್ಪೆನ್ಷನ್. ಆ ಕಾಲದ ಎಷ್ಟೋ ಕಾರುಗಳಿಗೆ ಹಿಂದೆ ಎರಡೂ ಚಕ್ರಗಳನ್ನು ಒಟ್ಟಿಗೆ ಕಟ್ಟುವ ಬರೀ ಬೀಮ್ ಇತ್ತು ಎಂಬುದನ್ನು ನೆನೆದರೆ ಇದು ಒಳ್ಳೆಯ ತಳಹದಿ. ಅದು ಕೆಟ್ಟದಾಗಿ ಓಡುತ್ತಿದ್ದರೆ ಕಾರಣ ಹೆಚ್ಚಾಗಿ ಸೀಳಿದ ಕಂಟ್ರೋಲ್ ಆರ್ಮ್ ಬುಷ್ (ಚಕ್ರವನ್ನು ಹಿಡಿಯುವ ತೋಳಿನ ಕೀಲಿನಲ್ಲಿರುವ ರಬ್ಬರ್), ಕುಸಿದ ಟಾಪ್ ಮೌಂಟ್ (ಸ್ಟ್ರಟ್‌ನ ತಲೆ ಕೂರುವ ರಬ್ಬರ್), ಪುಡಿಯಾಗಿ ಉದುರಿಹೋದ ಬಂಪ್ ಸ್ಟಾಪ್. ಇವನ್ನು ಬದಲಿಸದೆ ಮೇಲೆ ಲಕ್ಷ ರೂಪಾಯಿಯ ಕಿಟ್ ಕೂರಿಸಿದರೂ ಚಕ್ರ ತನಗೆ ಬೇಕಾದ ಕಡೆ ತಿರುಗುತ್ತದೆ.

ಮಿಸ್ತ್ರಿ ಬುಷ್ ಹಾಕುವಾಗ ಪಕ್ಕದಲ್ಲಿ ನಿಂತು ನೋಡಬೇಕಾದ ಒಂದು ಹಂತವಿದೆ. ಗಾಡಿ ಜಾಕ್ ಮೇಲಿದ್ದಾಗ ಚಕ್ರ ಜೋತುಬಿದ್ದಿರುತ್ತದೆ, ಆರ್ಮ್ ಕೆಳಮುಖವಾಗಿರುತ್ತದೆ. ಆಗಲೇ ಬೋಲ್ಟನ್ನು ಪೂರ್ತಿ ಬಿಗಿದರೆ ಬುಷ್‌ನ ರಬ್ಬರ್ ಆ ಕೋನದಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ಇಳಿಸಿದಾಗ ರಬ್ಬರ್ ತಿರುಚಿಕೊಂಡೇ ನಿಂತು, ಹಗಲೂ ರಾತ್ರಿ ಎಳೆತ ತಿಂದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಬೋಲ್ಟುಗಳನ್ನು ಕೈಬಿಗಿಯಲ್ಲಿ ಬಿಟ್ಟು, ಗಾಡಿಯನ್ನು ಚಕ್ರದ ಮೇಲೆ ಇಳಿಸಿ ಎರಡು ಬಾರಿ ಅದುಮಿ, ಆಮೇಲೆ ಗ್ಯಾರೇಜಿನ ಗುಂಡಿಯಲ್ಲಿ ಇಳಿದು ಕೆಳಗಿನಿಂದ ಅಂತಿಮ ಬಿಗಿತ ಕೊಡಬೇಕು. ಹೊಸ ಬುಷ್ ಕಳಪೆ ಎಂಬ ದೂರುಗಳಲ್ಲಿ ಅರ್ಧದಷ್ಟು ಈ ಒಂದು ಅವಸರದ ಫಲ ಎಂಬುದು ನನ್ನ ಗುಮಾನಿ.

ಬ್ರ್ಯಾಂಡಿನ ವಿಚಾರದಲ್ಲಿ, ಮಾರುತಿಗೇ ಶಾಕ್ ಅಬ್ಸಾರ್ಬರ್ ಪೂರೈಸುವ ಮುಂಜಾಲ್ ಶೋವಾ, ಗೇಬ್ರಿಯಲ್‌ನಂಥ ಕಂಪನಿಗಳ ಮಾಲು ಸಿಕ್ಕರೆ ಅದು ಮೊದಲ ಆಯ್ಕೆ. ಹಳೆಯ ದಾಸ್ತಾನು ಕೊಳ್ಳುವುದಾದರೆ ತಯಾರಾದ ತಾರೀಕು ನೋಡಿ. ವರ್ಷಗಟ್ಟಲೆ ಅಡ್ಡ ಮಲಗಿದ ಸ್ಟ್ರಟ್‌ನ ಸೀಲ್ ಒಣಗಿರಬಹುದು. ನೆಟ್ಟಗೆ ನಿಲ್ಲಿಸಿ ಕೈಯಿಂದ ನಾಲ್ಕಾರು ಬಾರಿ ಪೂರ್ತಿ ಎಳೆದು ಒತ್ತಿ. ನಡುವೆ ಎಲ್ಲಿಯಾದರೂ ಹಿಡಿತವಿಲ್ಲದೆ ಜಾರಿದರೆ ವಾಪಸು ಕೊಡಿ. ನಾಲ್ಕು ಸ್ಟ್ರಟ್, ಮೌಂಟ್, ಬುಷ್, ಕೂಲಿ ಎಲ್ಲ ಸೇರಿ ಐದಂಕಿಯೊಳಗೇ ಮುಗಿಯುವ ಬಾಬತ್ತು ಇದು. ಚಕ್ರ ಮೇಲೆ ಕೆಳಗೆ ಆಡುವ ಜಾಗ, ಅಂದರೆ ಸಸ್ಪೆನ್ಷನ್ನಿನ ಪಯಣ, ಪೂರ್ತಿ ಉಳಿಯುತ್ತದೆ, ಊರಿನ ಮಿಸ್ತ್ರಿಯೇ ಮಾಡುತ್ತಾನೆ, ಕಾನೂನಿನ ಕಿರಿಕಿರಿ ಇಲ್ಲ. ಕಳೆದುಕೊಳ್ಳುವುದು ತಿರುವಿನಲ್ಲಿ ವಾಲದಿರುವ ಬಿಗಿಯನ್ನು, ಮತ್ತು ಫೋಟೊದಲ್ಲಿ ಕಾಣುವ ಠೀವಿಯನ್ನು.

ಉತ್ತಮ ಡ್ಯಾಂಪರ್, ಮೂಲ ಎತ್ತರ

ನನ್ನ ಮನಸ್ಸು ಇರುವುದು ಇಲ್ಲಿ. ಸ್ಪ್ರಿಂಗನ್ನು ಮೂಲದ್ದೇ ಇಟ್ಟು, ಅಥವಾ ಹಿಂದೆ ಮಾತ್ರ ಶೇಕಡ ಹತ್ತಿಪ್ಪತ್ತು ಗಡಸಾದದ್ದು ಹಾಕಿ, ಡ್ಯಾಂಪರಿಗೆ ಹಣ ಸುರಿಯುವ ದಾರಿ. ಜಪಾನಿನ ಕೆವೈಬಿಯ ಎಕ್ಸೆಲ್-ಜಿ ಮೂಲ ಮಟ್ಟದ ಬದಲಿ, ನ್ಯೂ ಎಸ್‌ಆರ್ ಸ್ಪೆಷಲ್ ಅದಕ್ಕಿಂತ ಬಿಗಿ. ಯೊಕೊಹಾಮಾದ ಟೀನ್ ಕಂಪನಿಯ ಎಂಡ್ಯುರಾಪ್ರೊ ಸಾಲಿನಲ್ಲಿ ಬಂಪ್ ಸ್ಟಾಪಿನ ಕೆಲಸವನ್ನು ಒಳಗಿನ ಎಣ್ಣೆಯೇ ಮಾಡುವ ವ್ಯವಸ್ಥೆಯಿದೆ. ಪಯಣದ ಕೊನೆಯಲ್ಲಿ ರಬ್ಬರಿಗೆ ಹೊಡೆದು ಪುಟಿಯುವ ಬದಲು ಚಲನೆ ಮೆತ್ತಗೆ ನಿಲ್ಲುತ್ತದೆ. ತುಂಬಿದ ವ್ಯಾಗನ್ನಿಗೆ ಇದಕ್ಕಿಂತ ಒಪ್ಪುವ ಯೋಚನೆ ಕಡಿಮೆ. ಜರ್ಮನಿಯ ಬಿಲ್‌ಸ್ಟೈನ್‌ನಲ್ಲಿ ಬಿ4 ಮೂಲ ಮಟ್ಟದ್ದು, ಬಿ6 ಮೂಲ ಎತ್ತರಕ್ಕೆ ಹೊಂದುವ ಬಿಗಿ ಡ್ಯಾಂಪರ್, ಬಿ8 ತಗ್ಗಿಸಿದ ಗಾಡಿಗೆಂದೇ ಗಿಡ್ಡ ಮಾಡಿದ್ದು. ನಿಮ್ಮ ಗಾಡಿಯ ಗುರುತಿಗೆ ಭಾಗದ ಸಂಖ್ಯೆ ಇದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಹೊಂದುತ್ತದೆ, ಸ್ವಲ್ಪ ಉಜ್ಜಿದರೆ ಸಾಕು ಎಂಬ ಅಂಗಡಿಯ ಮಾತಿಗೆ ಮುಂಗಡ ಕೊಡಬೇಡಿ.

ಕೊಳ್ಳುವಾಗ ಒಂದು ಕೊಳವೆಯದೋ ಎರಡು ಕೊಳವೆಯದೋ ಎಂಬ ಪ್ರಶ್ನೆ ಬರುತ್ತದೆ. ಎರಡು ಕೊಳವೆಯ ಡ್ಯಾಂಪರಿನಲ್ಲಿ ಪಿಸ್ಟನ್ ಒಳಗಿನ ಕೊಳವೆಯಲ್ಲಿ ಓಡುತ್ತದೆ, ಹೊರಗಿನದರಲ್ಲಿ ಎಣ್ಣೆ ಮತ್ತು ಕಡಿಮೆ ಒತ್ತಡದ ಸಾರಜನಕ. ಕಲ್ಲು ಸಿಡಿದು ಹೊರಗೋಡೆ ಸ್ವಲ್ಪ ತಗ್ಗಿದರೂ ಕೆಲಸ ನಿಲ್ಲುವುದಿಲ್ಲ. ಆದರೆ ಶಾಖ ಎರಡು ಗೋಡೆ ದಾಟಿ ಹೊರಬರಬೇಕು, ಉದ್ದನೆಯ ಕೆಟ್ಟ ರಸ್ತೆಯಲ್ಲಿ ಎಣ್ಣೆ ನೊರೆಯಾಗುವ ಸಂಭವ ಹೆಚ್ಚು. ಒಂದು ಕೊಳವೆಯದರಲ್ಲಿ ತೇಲುವ ಪಿಸ್ಟನ್ ಒಂದು ಎಣ್ಣೆಯನ್ನೂ ಅಧಿಕ ಒತ್ತಡದ ಸಾರಜನಕವನ್ನೂ ಬೇರ್ಪಡಿಸಿರುತ್ತದೆ, ನೊರೆಗೆ ಆಸ್ಪದ ಕಡಿಮೆ, ಶಾಖ ನೇರ ಹೊರಗೆ. ನಮ್ಮ ಬೇಸಿಗೆಗೆ ಇದು ಲೇಸು. ಪ್ರತಿಯಾಗಿ ಸಣ್ಣ ಒರಟುತನ ಕೈಗೆ ಹೆಚ್ಚು ತಿಳಿಯುತ್ತದೆ, ಗೋಡೆಗೆ ದೊಡ್ಡ ಪೆಟ್ಟು ಬಿದ್ದರೆ ಪಿಸ್ಟನ್ ಅಲ್ಲಿಯೇ ಸಿಕ್ಕಿಕೊಳ್ಳಬಹುದು. ಹೆದ್ದಾರಿ 50 ಹಿಡಿದು ಹುಮನಾಬಾದ್, ಅಲ್ಲಿಂದ 65ರಲ್ಲಿ ಹೈದರಾಬಾದ್ ಎಂದು ವಾರವಾರ ಓಡುವವರು ಒಂದು ಕೊಳವೆಯದನ್ನು ಆರಿಸಲಿ. ಜಲ್ಲಿ ರಸ್ತೆಯ ಹೊಲ, ಕಲ್ಲಿನ ಗಣಿಯ ಕಡೆ ದಿನವೂ ಹೋಗುವವರಿಗೆ ಎರಡು ಕೊಳವೆಯದೇ ನೆಮ್ಮದಿ.

ತಗ್ಗಿಸುವ ಸ್ಪ್ರಿಂಗ್

ಹಣ ಕಡಿಮೆ, ನೋಟ ಹೆಚ್ಚು. ಆ ಕಾರಣಕ್ಕೇ ಜನಪ್ರಿಯ. ಐಬ್ಯಾಕ್, ಎಚ್ ಆಂಡ್ ಆರ್ ಮುಂತಾದ ಹೆಸರಾಂತ ತಯಾರಕರ ಸ್ಪ್ರಿಂಗುಗಳು ಒಳ್ಳೆಯವೇ. ತೊಂದರೆ ಸ್ಪ್ರಿಂಗಿನದಲ್ಲ, ಅದರ ಜೊತೆ ಉಳಿಯುವ ಹಳೆಯ ಡ್ಯಾಂಪರಿನದು. ಮೃದು ಸ್ಪ್ರಿಂಗಿಗೆ ಅಳತೆ ಮಾಡಿದ ಡ್ಯಾಂಪರ್ ಗಡಸು ಸ್ಪ್ರಿಂಗಿನ ಮರುಜಿಗಿತವನ್ನು ತಡೆಯಲಾರದು, ಜೊತೆಗೆ ದಂಡ ಸದಾ ಒಳಗೆ ತೂರಿಕೊಂಡೇ ಇರುವುದರಿಂದ ಬೇಗ ಸೋರುತ್ತದೆ. ಮೇಲಿನ ತೊಗರಿಬೇಳೆ ಲೆಕ್ಕ ಮರೆಯದಿದ್ದರೆ 35 ಮಿ.ಮೀ. ತಗ್ಗಿಸುವ ಧೈರ್ಯ ಬರಲಿಕ್ಕಿಲ್ಲ. 15, 20 ಮಿ.ಮೀ. ತಗ್ಗಿಸುವುದು, ಅದೂ ಗಿಡ್ಡ ದಂಡದ ಹೊಂದಿಕೆಯ ಡ್ಯಾಂಪರಿನ ಜೊತೆ, ಡಿಕ್ಕಿ ಹೆಚ್ಚಾಗಿ ಖಾಲಿ ಇರುವವರಿಗೆ ಒಗ್ಗುತ್ತದೆ. ನಗರದೊಳಗೆ ಕಚೇರಿಗೆ ಹೋಗಿ ಬರುವ, ಭಾನುವಾರ ಬೀದರ್ ಕೋಟೆಯ ಕಡೆ ಒಬ್ಬರೇ ಇಬ್ಬರೇ ಹೋಗುವ ಗಾಡಿಯಾದರೆ ಅದರ ಅಂದಕ್ಕೆ ನಾನೂ ಒಂದು ಸಲ ತಿರುಗಿ ನೋಡುತ್ತೇನೆ.

ಕಾಯಿಲ್‌ಓವರ್

ಎಲ್ಲರ ಬಾಯಲ್ಲಿ ಇರುವುದು ಇದೇ. ಎತ್ತರವನ್ನು ತಿರುಪಿನಿಂದ ಹೊಂದಿಸಬಹುದು, ಕೆಲವುದರಲ್ಲಿ ಡ್ಯಾಂಪರಿನ ಬಿಗಿಯನ್ನೂ. ಇದರೊಳಗೇ ಎರಡು ಬಗೆಯಿದೆ, ಮತ್ತು ಮಾರುವವರು ಆ ಭೇದ ಹೇಳದೆ ಜಾರಿಕೊಳ್ಳುತ್ತಾರೆ. ಒಂದು ಬಗೆಯಲ್ಲಿ ಸ್ಪ್ರಿಂಗ್ ಕೂರುವ ತಟ್ಟೆಯನ್ನಷ್ಟೇ ಮೇಲೆ ಕೆಳಗೆ ಮಾಡುತ್ತೀರಿ. ಗಾಡಿ ತಗ್ಗಿದಷ್ಟೂ ಡ್ಯಾಂಪರಿನ ಪಯಣ ಕರಗುತ್ತದೆ. ಬಿಲ್‌ಸ್ಟೈನ್ ಬಿ14 ಈ ಬಗೆಯದು. ಇನ್ನೊಂದರಲ್ಲಿ ಸ್ಟ್ರಟ್‌ನ ದೇಹವೇ ಕೆಳಗಿನ ಬ್ರ್ಯಾಕೆಟಿನೊಳಗೆ ತಿರುಪಿನಂತೆ ಇಳಿಯುತ್ತದೆ. ಎತ್ತರ ಬದಲಾದರೂ ಡ್ಯಾಂಪರಿನ ಪಯಣ ಉಳಿಯುತ್ತದೆ. ಟೀನ್ ಫ್ಲೆಕ್ಸ್ ಜ಼ಡ್, ತೈವಾನಿನ ಬಿ.ಸಿ. ರೇಸಿಂಗ್ ಕಂಪನಿಯ, ಡ್ಯಾಂಪರಿನ ಬಿಗಿಯನ್ನು 30 ಹಂತಗಳಲ್ಲಿ ಹೊಂದಿಸುವ ಬಿಆರ್ ಸಾಲು ಈ ಬಗೆಯವು. ನಮ್ಮ ರಸ್ತೆಗೆ ಎರಡನೆಯದು ಮಾತ್ರ ಅರ್ಥವುಳ್ಳದ್ದು. ಆಲ್ಟುರಾಗೆ ನೇರ ಹೊಂದುವ ಕಿಟ್ ಸಿಗದೆ ಹೇಳಿ ಮಾಡಿಸುವುದಾದರೆ ಸ್ಪ್ರಿಂಗ್ ಗಡಸುತನವನ್ನು ನೀವೇ ಬರೆದು ಕೊಡಿ. ಸುಮ್ಮನಿದ್ದರೆ ಕಾರ್ಖಾನೆಯವರು ನಯವಾದ ರಸ್ತೆಯ ಸೆಡಾನ್ ಮನಸ್ಸಿನಲ್ಲಿಟ್ಟು ಮುಂದಿನದಕ್ಕೆ 5, 6 ಕೆ.ಜಿ.ಯ ಸ್ಪ್ರಿಂಗ್ ಕಳಿಸಿಬಿಡುತ್ತಾರೆ.

ದೂಳಿನ ಕಥೆ ಇಲ್ಲಿ ಮತ್ತೆ ಬರುತ್ತದೆ. ಎತ್ತರ ಹೊಂದಿಸುವ ಅಲ್ಯೂಮಿನಿಯಂ ರಿಂಗ್, ಅದು ತಿರುಗುವ ಉಕ್ಕಿನ ಮರೆ (ತಿರುಪಿನ ಸುತ್ತುಗೆರೆ), ಅವುಗಳ ನಡುವೆ ಎರೆಮಣ್ಣಿನ ಕೆಸರು. ಒಂದು ಮಳೆಗಾಲ ಮುಟ್ಟದೆ ಬಿಟ್ಟರೆ ರಿಂಗ್ ತಿರುಗುವುದಿಲ್ಲ, ಸುತ್ತಿಗೆ ಹೊಡೆದರೆ ಅದರ ಹಲ್ಲು ಹಾರುತ್ತದೆ. ಹೊಂದಿಸಬಹುದಾದ ಕಿಟ್‌ಗೆ ಹಣ ಕೊಟ್ಟು ಹೊಂದಿಸಲಾಗದ ಕಿಟ್ ಇಟ್ಟುಕೊಂಡಂತೆ. ದಸರೆಗೆ ಆಯುಧಪೂಜೆ ಮಾಡುವವರು ಅದೇ ದಿನ ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಮರೆಗಳನ್ನು ತೊಳೆದು, ಕಚ್ಚದಂತೆ ತಡೆಯುವ ಗ್ರೀಸ್ ಸವರಿ, ರಿಂಗನ್ನು ಒಂದು ಸುತ್ತು ಆಡಿಸಿ ಅದೇ ಜಾಗಕ್ಕೆ ತಂದಿಟ್ಟರೆ ಕೆಲಸ ಆದಂತೆ.

ಸುಂಕ, ಸಾಗಣೆ, ಅಳವಡಿಕೆ ಸೇರಿ ಆರಂಕಿಯ ಕಡೆಗೆ ಹೋಗುವ ಖರ್ಚು. ಇಷ್ಟು ಖರ್ಚು ಮಾಡಿ ಮೂಲ ಎತ್ತರಕ್ಕಿಂತ ಹತ್ತು ಹದಿನೈದು ಮಿ.ಮೀ. ಮಾತ್ರ ತಗ್ಗಿಸಿ, ಮೃದು ಸ್ಪ್ರಿಂಗ್ ಆರಿಸಿ ಓಡಿಸುವ ಸಂಯಮ ಇದ್ದವರಿಗೆ ಇದಕ್ಕಿಂತ ಮೇಲಾದ ಆಯ್ಕೆ ಇಲ್ಲ. ಅಂಥ ಸಂಯಮ ಇದ್ದವರು ಕಾಯಿಲ್‌ಓವರ್ ಕೊಳ್ಳುವುದು ಕಡಿಮೆ.

ಗಾಳಿಯ ಚೀಲ

ಪೂರ್ತಿ ಗಾಳಿ ಸಸ್ಪೆನ್ಷನ್ ಪ್ರದರ್ಶನದ ಗಾಡಿಗೆ ಸರಿ. ಕಂಪ್ರೆಸರ್, ಕೊಳವೆ, ಕವಾಟ ಎಲ್ಲವೂ ದೂಳಿಗೆ ಬಾಯ್ದೆರೆದು ಕೂತಿರುತ್ತವೆ. ಸ್ಪ್ರಿಂಗಿನ ಹೊಟ್ಟೆಯೊಳಗೆ ಇಡುವ ಏರ್ ಲಿಫ್ಟ್ 1000ದಂಥ ಸಹಾಯಕ ಚೀಲ ಮಾತ್ರ ಹೊರೆ ಹೊರುವವರಿಗೆ ನಿಜಕ್ಕೂ ಉಪಯುಕ್ತ: 5ರಿಂದ 35 ಪಿಎಸ್‌ಐ ಗಾಳಿ ತುಂಬಿದರೆ ಹಿಂಭಾಗ ಮೇಲೇಳುತ್ತದೆ, ಖಾಲಿಯಾದಾಗ ಇಳಿಸಬಹುದು. ಆದರೆ ಅದಕ್ಕೆ ಸ್ಪ್ರಿಂಗಿನ ಹೊಟ್ಟೆ ಖಾಲಿಯಿರಬೇಕು. ನಿಮ್ಮ ಗಾಡಿಯ ಕೆಳಗೆ ಟಾರ್ಚ್ ಹಿಡಿದು ಮಲಗಿ ನೋಡಿ. ಸ್ಪ್ರಿಂಗಿನ ನಡುವೆ ಸ್ಟ್ರಟ್ ಹಾದುಹೋಗಿದ್ದರೆ ಚೀಲಕ್ಕೆ ಜಾಗವಿಲ್ಲ, ವಿಷಯ ಅಲ್ಲಿಗೆ ಮುಗಿಯಿತು. ಆಗ ಹೊರೆಯವರಿಗೆ ಉಳಿಯುವ ದಾರಿ ಹಿಂದಿನ ಸ್ಪ್ರಿಂಗನ್ನು ಮಿಲಿಮೀಟರಿಗೆ 2.5 ಕೆ.ಜಿ.ಯ ಆಸುಪಾಸಿಗೆ ತಂದು, ಮೂಲ ಎತ್ತರವನ್ನೇ ಉಳಿಸುವುದು. ಮೇಲಿನ ಲೆಕ್ಕದಂತೆ ಮೂರು ಚೀಲಕ್ಕೆ 30 ಮಿ.ಮೀ. ಕುಸಿತ, ಬಂಪ್ ಸ್ಟಾಪಿಗೆ 50 ಮಿ.ಮೀ. ಬಾಕಿ, ಕಂಪನ 1.8ರ ಒಳಗೆ. ತುಸು ಖಡಕ್, ಆದರೆ ದಿನದ ಬಳಕೆಗೆ ತಡೆದುಕೊಳ್ಳುವಂಥದ್ದು.

ಯಾರು ಯಾವುದನ್ನು

ಕಿರಾಣಿ ಅಥವಾ ಹೊಲದ ಸಾಮಾನು ಹೊರುವ, ಮನೆಗೆ ಒಂದೇ ಗಾಡಿಯಾದ ಆಲ್ಟುರಾಗೆ ಹೊಸ ಮೂಲ ಸ್ಟ್ರಟ್, ಹೊಸ ಬುಷ್, ಹಿಂದೆ ತುಸು ಗಡಸು ಸ್ಪ್ರಿಂಗ್. ಇದರಲ್ಲಿ ಎರಡನೆಯ ಯೋಚನೆ ಬೇಡ. ಹೆದ್ದಾರಿಯ ಓಡಾಟ ಹೆಚ್ಚಿದ್ದು ಕೈಯಲ್ಲಿ ಇನ್ನಷ್ಟು ಹಣ ಇದ್ದರೆ ಉತ್ತಮ ಡ್ಯಾಂಪರ್. ಎಂಜಿನ್ ಬಲ ಹೆಚ್ಚಿಸಿಕೊಂಡವರೂ ಇಲ್ಲಿಯೇ ನಿಲ್ಲುವುದು ಜಾಣತನ, ಉಳಿದ ಹಣ ಬ್ರೇಕಿಗೆ ಹೋಗಲಿ. ನೋಟವೇ ಮುಖ್ಯವೆಂದು ನೇರವಾಗಿ ಒಪ್ಪಿಕೊಳ್ಳುವವರು ಹೊಂದಿಕೆಯ ಡ್ಯಾಂಪರಿನ ಜೊತೆ 20 ಮಿ.ಮೀ. ತಗ್ಗಿಸಲಿ, ಡಿಕ್ಕಿಯ ಆಸೆ ಬಿಡಲಿ. ಇನ್ನೊಂದು ಕಾರು ಇರುವ, ಟ್ರ್ಯಾಕ್ ದಿನಗಳಿಗೆ ಹೋಗುವ, ಮರೆ ತೊಳೆಯುವ ತಾಳ್ಮೆ ಇರುವವರಿಗೆ ಕಾಯಿಲ್‌ಓವರ್. ಅಲಾಯ್ ದೊಡ್ಡದಾಗಿ ಟೈರಿನ ಗೋಡೆ ಈಗಾಗಲೇ ತೆಳುವಾಗಿದ್ದರೆ ಯಾವ ವರ್ಗದಲ್ಲಿದ್ದರೂ ಒಂದು ಮೆಟ್ಟಿಲು ಮೃದುವಾದದ್ದನ್ನು ಆರಿಸಿ.

ಹಣ ಕಟ್ಟುವ ಮುಂಚೆ ಒಂದು ಅಳತೆ ಮಾಡಿ, ಖರ್ಚು ಎರಡು ರೂಪಾಯಿಯ ಪ್ಲಾಸ್ಟಿಕ್ ಪಟ್ಟಿ. ಸ್ಟ್ರಟ್‌ನ ರಬ್ಬರ್ ಟೋಪಿಯನ್ನು ಮೇಲೆತ್ತಿ, ಹೊಳೆಯುವ ದಂಡಕ್ಕೆ ತಂತಿ ಕಟ್ಟುವ ಆ ಸಣ್ಣ ಪಟ್ಟಿಯನ್ನು ಸುತ್ತಿ, ಎಣ್ಣೆ ಸೀಲಿನ ತಲೆಗೆ ತಾಗುವಂತೆ ಕೆಳಗೆ ಸರಿಸಿ. ತುಂಬ ಬಿಗಿ ಬೇಡ, ಜಾರುವಷ್ಟಿರಲಿ. ಈಗ ನಿಮ್ಮ ಮಾಮೂಲಿ ಹೊರೆ ಹೇರಿ, ಮಾಮೂಲಿ ದಾರಿಯಲ್ಲಿ, ಮಾಮೂಲಿ ವೇಗದಲ್ಲಿ ಹೋಗಿಬನ್ನಿ. ದಂಡ ಒಳಗೆ ಹೋದಾಗಲೆಲ್ಲ ಪಟ್ಟಿ ಮೇಲಕ್ಕೆ ತಳ್ಳಿಸಿಕೊಂಡು, ಅತಿ ಹೆಚ್ಚು ಒತ್ತಿದ ಜಾಗದಲ್ಲಿ ನಿಂತಿರುತ್ತದೆ. ಹೊರೆ ಇಳಿಸಿದ ಗಾಡಿಯನ್ನು ಚಕ್ರದ ಮೇಲೆಯೇ ನಿಲ್ಲಿಸಿ, ಸೀಲಿನಿಂದ ಪಟ್ಟಿಗೆ ಮತ್ತು ಪಟ್ಟಿಯಿಂದ ಬಂಪ್ ಸ್ಟಾಪಿಗೆ ಇರುವ ದೂರವನ್ನು ಅಳೆಯಿರಿ. ಎರಡನೆಯ ಅಂಕಿ 25 ಮಿ.ಮೀ.ಗಿಂತ ಕಡಿಮೆ ಬಂದರೆ ತಗ್ಗಿಸುವ ಯಾವ ಕಿಟ್ಟೂ ನಿಮಗಲ್ಲ. 50ಕ್ಕಿಂತ ಹೆಚ್ಚು ಬಂದರೆ 20 ಮಿ.ಮೀ. ತಗ್ಗಿಸಲು ಅಡ್ಡಿಯಿಲ್ಲ. ಪಟ್ಟಿ ಬಂಪ್ ಸ್ಟಾಪಿಗೇ ಒತ್ತಿಕೊಂಡು ಕೂತಿದ್ದರೆ ನಿಮ್ಮ ಸ್ಪ್ರಿಂಗ್ ಈಗಾಗಲೇ ಕುಸಿದಿರಬಹುದು ಅಥವಾ ಡ್ಯಾಂಪರ್ ಸೋತಿರಬಹುದು, ಮೊದಲು ಅದನ್ನು ನೋಡಿಸಿ ಬದಲಿಸಿ.

ಅಳವಡಿಕೆಯಾದ ಮೇಲೆ ಚಕ್ರದ ಅಲೈನ್‌ಮೆಂಟ್ ಕಡ್ಡಾಯ, ನಾಲ್ಕೂ ಚಕ್ರಕ್ಕೆ, ಡಿಕ್ಕಿಯಲ್ಲಿ ನಿಮ್ಮ ಮಾಮೂಲಿ ಹೊರೆ ಇಟ್ಟುಕೊಂಡೇ. ಸ್ಟ್ರಟ್ ಗಾಡಿ ತಗ್ಗಿದರೆ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಬದಲಾಗುತ್ತದೆ, ಹೊಸ ಟೈರನ್ನು ಒಳಗಿನಿಂದ ತಿನ್ನುವುದು ಹೆಚ್ಚಾಗಿ ಅದೇ. ಸ್ಪ್ರಿಂಗುಗಳು ತಮ್ಮ ಜಾಗದಲ್ಲಿ ಕೂರಲು ಸ್ವಲ್ಪ ದಿನ ಬೇಕಾಗುವುದರಿಂದ ಐನೂರು ಕಿಲೋಮೀಟರ್ ಓಡಿಸಿ ಬೋಲ್ಟುಗಳನ್ನು ಮರುಬಿಗಿಸಿ, ಅಲೈನ್‌ಮೆಂಟನ್ನು ಇನ್ನೊಮ್ಮೆ ನೋಡಿಸಿ. ಮೊದಲ ಬಾರಿಯ ಮುದ್ರಿತ ಚೀಟಿಯನ್ನು ಇಟ್ಟುಕೊಂಡಿದ್ದರೆ ಏನು ಸರಿದಿದೆ ಎಂಬುದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.